ಗಿಲಾವ್ ಮಾಡಿದ ಹೊರಗೋಡೆ ತೊಳೆಯಲು ಯಾವ ಕೆಮಿಕಲ್? ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ಮುಗಿದು ದೀಪಾವಳಿ ಹತ್ತಿರ ಬಂತು ಅಂದರೆ ನನಗೆ ಬರುವ ಫೋನ್‌ಗಳೆಲ್ಲ ಗೋಡೆಯ ಬಗ್ಗೆಯೇ. ಬೆಳಗಾವಿಯವರು ಗೋಡೆ ಕಪ್ಪಾಗಿದೆ ಅನ್ನುತ್ತಾರೆ, ವಿಜಯಪುರದವರು ಉಪ್ಪು ಎದ್ದಿದೆ ಅನ್ನುತ್ತಾರೆ, ಬಾಗಲಕೋಟೆಯವರಿಗೆ ಹೋಳಿ ಬಣ್ಣದ ಚಿಂತೆ ಇನ್ನೂ ಮುಗಿದಿರುವುದಿಲ್ಲ. ಪೇಂಟಿಂಗ್ ಮತ್ತು ಗೋಡೆ ತೊಳೆಯುವ ಕೆಲಸ ಹಿಡಿದು ಮಾಡಿಸುವವನು ನಾನು. ಕೆಲಸದ ಜಾಗದಲ್ಲಿ, ಫೋನ್‌ನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಇಲ್ಲಿ ಗೋಡೆ ಅಂದರೆ ಸಿಮೆಂಟ್ ಗಿಲಾವ್ (ಪ್ಲಾಸ್ಟರ್) ಮಾಡಿದ ಹೊರಗೋಡೆ, ಅದರ ಮೇಲೆ ಪೇಂಟ್ ಇರಲಿ ಬಿಡಲಿ. ಟೈಲ್ಸ್, ಇಳಕಲ್ ಗ್ರಾನೈಟ್, ಕಲ್ಲಿನ ಗೋಡೆಗಳ ಲೆಕ್ಕ ಬೇರೆ.

## ಮೊದಲು ತಿಳಿಯಬೇಕಾದದ್ದು

ಕೆಮಿಕಲ್ ಬೇಕೇ ಬೇಕಾ? ಬರೀ ನೀರು ಹೊಡೆದು ತಿಕ್ಕಿದರೆ ಸಾಲದಾ?

ಎಷ್ಟೋ ಸಲ ಸಾಕು. ವಿಜಯಪುರ, ಬಾಗಲಕೋಟೆ ಕಡೆ ಗೋಡೆ ಮೇಲೆ ಕೂತಿರುವುದು ಬಹುತೇಕ ಎರೆ ಮಣ್ಣಿನ ಧೂಳು. ಮೊದಲು ಒಣ ಕಸಬರಿಗೆಯಿಂದ ಮೇಲಿಂದ ಕೆಳಗೆ ಗುಡಿಸಿ. ಆಮೇಲೆ ನೀರು, ಮೆತ್ತನೆಯ ನಾರಿನ ಬ್ರಷ್. ಧೂಳು ಗುಡಿಸದೆ ನೇರವಾಗಿ ನೀರು ಹೊಡೆದರೆ ಎರೆ ಮಣ್ಣು ರಾಡಿಯಾಗಿ ಗಿಲಾವಿನ ಸಣ್ಣ ತೂತುಗಳಲ್ಲಿ ಇಳಿಯುತ್ತದೆ, ಆಮೇಲೆ ತೆಗೆಯುವುದು ಕಷ್ಟ. ತಂತಿ ಬ್ರಷ್ ಮಾತ್ರ ಬೇಡ. ಅದರ ಚೂರುಗಳು ಗೋಡೆಯಲ್ಲಿ ಸಿಕ್ಕಿ ಮುಂದೆ ತುಕ್ಕಿನ ಚುಕ್ಕೆ ಆಗುತ್ತವೆ.

ನೀರಿಗೆ ಹೋಗದಿದ್ದರೆ ಮಾತ್ರ ಕೆಮಿಕಲ್. ಅದರಲ್ಲೂ ಮೊದಲು ಎಲ್ಲಕ್ಕಿಂತ ಸೌಮ್ಯವಾದದ್ದು.

ಗೋಡೆ ಕಪ್ಪಾಗಿದೆ. ಅದು ಪಾಚಿನಾ, ಹೊಗೆ ಮಸಿನಾ, ಬರೀ ಕೊಳೆನಾ, ಹೇಗೆ ಗೊತ್ತಾಗುತ್ತೆ?

ನಾನು ಎಲ್ಲರಿಗೂ ತಿರುಗಿ ಕೇಳುವ ಪ್ರಶ್ನೆ ಇದೇ. ಕಲೆ ಯಾವುದು ಅಂತ ಗೊತ್ತಿಲ್ಲದೆ ಅಂಗಡಿಗೆ ಹೋದರೆ ಅಂಗಡಿಯವರು ಕೊಟ್ಟದ್ದನ್ನು ತರುತ್ತೀರಿ. ಅದು ತಪ್ಪಾದರೆ ದುಡ್ಡೂ ಹೋಗುತ್ತದೆ, ಗೋಡೆಯೂ ಹೋಗುತ್ತದೆ.

ಒಂದು ಸುಲಭ ಪರೀಕ್ಷೆ ಇದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು, ಮನೆಯಲ್ಲಿ ಬಳಸುವ ಬ್ಲೀಚ್ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಕಪ್ಪು ಜಾಗಕ್ಕೆ ಒಂದು ಹನಿ ಹಚ್ಚಿ. ಐದು ನಿಮಿಷ ಕಾಯಿರಿ. ಕಪ್ಪು ತೆಳುವಾದರೆ ಅದು ಜೀವ ಇರುವಂಥದ್ದು, ಅಂದರೆ ಪಾಚಿ ಅಥವಾ ಬೂಸ್ಟು. ಏನೂ ಆಗದಿದ್ದರೆ ಮಸಿ, ಧೂಳು, ಎಣ್ಣೆ ಜಿಡ್ಡು. ಅದಕ್ಕೆ ಸೋಪು ಬೇಕು, ಬ್ಲೀಚ್ ಎಷ್ಟು ಸುರಿದರೂ ಪ್ರಯೋಜನ ಇಲ್ಲ.

ಗೋಡೆ ಯಾವ ಕಡೆ ಮುಖ ಮಾಡಿದೆ ಅನ್ನುವುದನ್ನೂ ನೋಡಿ. ಬಿಸಿಲು ಕಡಿಮೆ ಬೀಳುವ ಉತ್ತರದ ಗೋಡೆ, ಮಳೆ ಗಾಳಿ ಬಂದು ಬಡಿಯುವ ಪಶ್ಚಿಮದ ಗೋಡೆ ಕಪ್ಪಾಗಿದ್ದರೆ ಪಾಚಿಯೇ ಇರುವ ಸಾಧ್ಯತೆ ಜಾಸ್ತಿ. ಬೆಳಗಾವಿಯಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ದಾಟಿ ಮಳೆ, ಖಾನಾಪುರ ಕಡೆ ಇನ್ನೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದೇ ಇಲ್ಲ. ವಿಜಯಪುರದಲ್ಲಿ ಮಳೆ ಅದರ ಅರ್ಧದಷ್ಟು. ಅಲ್ಲಿ ಗೋಡೆ ಕಪ್ಪಾದರೆ ನಾನು ಮೊದಲು ಮಾಳಿಗೆ ಮೇಲಿನ ನೀರಿನ ಟಾಕಿ ಸೋರುತ್ತಿದೆಯಾ ಅಂತ ಹತ್ತಿ ನೋಡುತ್ತೇನೆ.

ಸಕ್ಕರೆ ಕಾರ್ಖಾನೆ ಹತ್ತಿರದ ಊರುಗಳಲ್ಲಿ ಮತ್ತೊಂದು ಬಗೆ ಇದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಸಿಪ್ಪೆ ಸುಟ್ಟ ಬೂದಿ ಹಾರಿ ಬಂದು ಗೋಡೆ, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಕೂರುತ್ತದೆ. ಕೈಯಲ್ಲಿ ಒರೆಸಿದರೆ ಬೆರಳಿಗೆ ಕಪ್ಪು ಹತ್ತುತ್ತದೆ. ಅದು ಮಸಿ. ಸೋಪು ನೀರೇ ಮದ್ದು.

"ಸೇಫ್", "ಇಕೋ ಫ್ರೆಂಡ್ಲಿ" ಅಂತ ಡಬ್ಬಿ ಮೇಲೆ ಬರೆದಿದ್ದರೆ ನಂಬಬಹುದಾ?

ಆ ಪದಗಳನ್ನು ಬಿಡಿ, ಹಿಂದಿನ ಚೀಟಿ ಓದಿ. ಒಳಗೆ ಯಾವ ಕೆಮಿಕಲ್ ಇದೆ, ಶೇಕಡ ಎಷ್ಟು, ಪಿಎಚ್ ಎಷ್ಟು, ಯಾವುದರ ಜೊತೆ ಬೆರೆಸಬಾರದು. ಈ ನಾಲ್ಕು ಇಲ್ಲದ ಡಬ್ಬಿ ನಾನು ಕೊಳ್ಳುವುದಿಲ್ಲ. ಚೀಟಿಯೇ ಇಲ್ಲದ ಕ್ಯಾನ್‌ನಲ್ಲಿ ತುಂಬಿ ಕೊಡುವುದನ್ನಂತೂ ಮುಟ್ಟುವುದಿಲ್ಲ.

ನನ್ನ ಪ್ರಕಾರ ಸುರಕ್ಷಿತ ಅನ್ನಬೇಕಾದರೆ ಮೂರು ಕಡೆ ಹಾನಿ ಆಗಬಾರದು. ಹೊಡೆಯುವವನ ಕಣ್ಣು, ಕೈ, ಉಸಿರಿಗೆ. ಗೋಡೆಯ ಗಿಲಾವಿಗೆ. ನೀರು ಹರಿದು ಹೋಗುವ ಕಡೆ ಇರುವ ಗಿಡ, ಬಾವಿ, ದನಕರುಗಳಿಗೆ. ಡಬ್ಬಿಯವರು ಹೆಚ್ಚಾಗಿ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರುತ್ತಾರೆ.

ಈ ಪಿಎಚ್ ಅಂದರೆ ಏನು?

ಹುಳಿನಾ, ಸೋಡಾದಂಥದ್ದಾ ಅಂತ ಹೇಳುವ ಅಳತೆ. ಶುದ್ಧ ನೀರು 7. ಅದಕ್ಕಿಂತ ಕೆಳಗೆ ಆಮ್ಲ: ಲಿಂಬೆ ರಸ ಸುಮಾರು 2. ಮೇಲೆ ಕ್ಷಾರ: ಬಟ್ಟೆ ಸೋಡಾ ಸುಮಾರು 11. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ ಇದೆ ಅನ್ನುವುದು ಮರೆಯಬೇಡಿ. ಸಿಮೆಂಟ್ ತಾನೇ ಕ್ಷಾರ, ಹೊಸ ಗಿಲಾವು 12ರ ಮೇಲೆಯೇ ಇರುತ್ತದೆ. ಆದ್ದರಿಂದ ಗೋಡೆಗೆ ಆಮ್ಲ ಅಂದರೆ ವೈರಿ.

ಅಂಗಡಿಯವರು "ಆಸಿಡ್ ಹೊಡೀರಿ, ಎರಡು ನಿಮಿಷದಲ್ಲಿ ಬೆಳ್ಳಗಾಗುತ್ತೆ" ಅಂತಾರೆ. ಹೊಡೀಲಾ?

ಬೇಡ. ದಯವಿಟ್ಟು ಬೇಡ.

ಬೆಳ್ಳಗಾಗುವುದು ನಿಜ. ಆದರೆ ಕೊಳೆ ಹೋಗಿ ಬೆಳ್ಳಗಾದದ್ದಲ್ಲ, ಕೊಳೆ ಕೂತಿದ್ದ ಸಿಮೆಂಟೇ ಕರಗಿ ಹೋದದ್ದು. ಆಸಿಡ್ ಬಿದ್ದ ಕೂಡಲೇ ನೊರೆ ಬರುತ್ತದಲ್ಲ, ಅದು ಗಿಲಾವಿನಲ್ಲಿರುವ ಸುಣ್ಣದ ಅಂಶ ಕರಗಿ ಇಂಗಾಲದ ಡೈ ಆಕ್ಸೈಡ್ ಹೊರಗೆ ಬರುವುದು. ಮೇಲಿನ ನಯವಾದ ಪದರ ಹೋಗಿ ಮರಳಿನ ಕಾಳು ಹೊರಗೆ ಕಾಣುತ್ತದೆ. ಗೋಡೆ ಒರಟಾದರೆ ಮುಂದಿನ ಮಳೆಗಾಲಕ್ಕೆ ಪಾಚಿ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಒಳಗೆ ಇನ್ನೊಂದು ಕೆಲಸ ನಡೆಯುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕ್ಲೋರೈಡ್ ಆಗುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುವ ಉಪ್ಪು. ಅದರ ಕ್ಲೋರೈಡ್ ಬಿರುಕಿನ ಮೂಲಕ ಒಳಗಿನ ಕಬ್ಬಿಣದ ಸರಳಿಗೆ ತಲುಪಿದರೆ ತುಕ್ಕು ಶುರು. ಕಾಲಮ್, ಬೀಮ್, ಸಜ್ಜಾ ಹತ್ತಿರ ಇದು ಇನ್ನೂ ಅಪಾಯ.

ಹದಿನೈದು ವರ್ಷದ ಹಿಂದೆ ನಮ್ಮ ಸ್ವಂತ ಮನೆಯ ಕಂಪೌಂಡ್ ಗೋಡೆಗೆ ಒಬ್ಬರ ಮಾತು ಕೇಳಿ ಆಸಿಡ್ ಹೊಡೆಸಿದ್ದೆ. ಆ ದಿನ ಸಂಜೆ ಗೋಡೆ ಹೊಸದರ ಹಾಗೆ ಇತ್ತು, ಮನೆಯವರೆಲ್ಲ ಖುಷಿ. ಮೂರನೇ ವರ್ಷಕ್ಕೆ ಕೈಯಿಂದ ಸವರಿದರೆ ಮರಳು ಉದುರುತ್ತಿತ್ತು. ಗೌಂಡಿಯನ್ನು ಕರೆಸಿ ಇಡೀ ಗಿಲಾವ್ ಕೆತ್ತಿಸಿ ಹೊಸದಾಗಿ ಮಾಡಿಸಬೇಕಾಯಿತು. ತೊಳೆಯುವ ಖರ್ಚಿನ ಎಷ್ಟೋ ಪಟ್ಟು ಹೋಯಿತು. ಅವತ್ತಿನಿಂದ ನನ್ನ ಕೆಲಸದಲ್ಲಿ ಆಸಿಡ್ ಕ್ಯಾನ್ ಗಾಡಿ ಹತ್ತಿಲ್ಲ.

ಮತ್ತೊಂದು ಮಾತು. ಆಸಿಡ್ ದಾಳಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಚಿಲ್ಲರೆ ಮಾರಾಟಕ್ಕೆ ಕಟ್ಟುಪಾಡು ಹಾಕಿದೆ. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಯಾಕೆ ಬೇಕು ಅಂತ ಬರೆದುಕೊಳ್ಳಬೇಕು, 18 ವರ್ಷದೊಳಗಿನವರಿಗೆ ಕೊಡಬಾರದು. ಯಾವುದೂ ಕೇಳದೆ ಬಾಟಲಿಗೆ ಸುರಿದು ಕೊಡುವ ಅಂಗಡಿಯಿಂದ ದೂರ ಇರಿ.

ಟಾಯ್ಲೆಟ್ ತೊಳೆಯುವ ಲಿಕ್ವಿಡ್ ಆದರೂ ನಡೆಯುತ್ತಾ?

ಅದೂ ಅದೇ ಆಸಿಡ್. ನೀಲಿ ಬಾಟಲಿಗಳಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಸೆರಾಮಿಕ್ ಬೇಸಿನ್‌ಗೆ ಸರಿ, ಗಿಲಾವಿಗೆ ಅಲ್ಲ.

ವಿನೆಗರ್, ಲಿಂಬೆ ರಸ ಮನೆಯ ವಸ್ತುಗಳೇ ಅಲ್ವಾ? ಅವು ಏನೂ ಮಾಡಲ್ಲ ಅಂತಾರೆ.

ಇಂಡಿ ಲಿಂಬೆ ಊಟದ ತಾಟಿಗೆ ಚೆಂದ, ಗೋಡೆಗೆ ಬೇಡ. ತಿನ್ನಲು ಬರುತ್ತದೆ ಅಂದರೆ ಗೋಡೆಗೂ ಸೌಮ್ಯ ಅಂತಲ್ಲ. ಎರಡೂ ಆಮ್ಲಗಳೇ, ನಿಧಾನಕ್ಕೆ ಸುಣ್ಣದ ಅಂಶ ಕರಗಿಸುತ್ತವೆ. ಸುಣ್ಣ ಬಳಿದ ಗೋಡೆಗೆ, ಸಿಮೆಂಟ್ ಪೇಂಟ್‌ಗೆ ತಗುಲಿದರೆ ಬಿಳಿ ಮಚ್ಚೆ ಏಳುತ್ತದೆ.

ಹಾಗಾದರೆ ದಿನನಿತ್ಯದ ಕೊಳೆಗೆ ಯಾವುದು ಒಳ್ಳೆಯದು?

ಪಾತ್ರೆ ತೊಳೆಯುವ ಲಿಕ್ವಿಡ್. ಒಂದು ಲೀಟರ್ ನೀರಿಗೆ ಒಂದೆರಡು ಟೀ ಚಮಚ. ಬಟ್ಟೆ ತೊಳೆಯುವ ಪುಡಿ ಬೇಡ, ಅದರಲ್ಲಿ ಸೋಡಾ ಇರುತ್ತದೆ. ಅದು ಗೋಡೆ ಒಳಗೆ ಹೀರಿಕೊಂಡು ಒಣಗಿದ ಮೇಲೆ ಬಿಳಿ ಪುಡಿಯಾಗಿ ಹೊರಗೆ ಬರುತ್ತದೆ. ಉಪ್ಪು ಎದ್ದಿದೆ ಅಂತ ನನ್ನನ್ನು ಕರೆಸಿದ ಮನೆಗಳಲ್ಲಿ ಕೆಲವು ಕಡೆ ಅದು ಅವರೇ ಹಾಕಿದ ಸೋಡಾ ಆಗಿತ್ತು.

## ಪಾಚಿ ಮತ್ತು ಬ್ಲೀಚ್

ಬ್ಲೀಚಿಂಗ್ ಪೌಡರ್ ಒಳ್ಳೆಯದಾ, ಹೈಪೋ ಒಳ್ಳೆಯದಾ? ಎಷ್ಟು ಕಲಿಸಬೇಕು?

ಎರಡೂ ಕ್ಲೋರಿನ್‌ನ ಕೆಲಸವನ್ನೇ ಮಾಡುತ್ತವೆ. ಕ್ಯಾನ್‌ನಲ್ಲಿ ಬರುವ ಹೈಪೋ ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಗೋಡೆ ಕೆಲಸಕ್ಕೆ ನನಗೆ ಅದೇ ಇಷ್ಟ. ಪಾಚಿ ಸಾಯಲು ಗೋಡೆ ಮೇಲೆ ಶೇ 1ರಷ್ಟು ಕ್ಲೋರಿನ್ ಸಾಕು. ತುಂಬಾ ಹಳೆಯ ದಪ್ಪ ಪಾಚಿಗೆ ಶೇ 2. ಅದಕ್ಕಿಂತ ಜಾಸ್ತಿ ಹಾಕಿದರೆ ಪಾಚಿ ಬೇಗ ಸಾಯುವುದಿಲ್ಲ, ಪೇಂಟ್ ಮಾತ್ರ ಬೇಗ ಮಾಸುತ್ತದೆ.

ಲೆಕ್ಕ ಹೀಗೆ. ಕ್ಯಾನ್ ಮೇಲೆ ಶೇ 10 ಅಂತ ಇದ್ದರೆ ಒಂದು ಲೀಟರ್ ಹೈಪೋಗೆ ಒಂಬತ್ತು ಲೀಟರ್ ನೀರು. ಮನೆ ಬಳಕೆಯ ಬ್ಲೀಚ್ ಶೇ 4 ಇದ್ದರೆ ಒಂದಕ್ಕೆ ಮೂರು ಪಾಲು ನೀರು. ಬ್ಲೀಚಿಂಗ್ ಪೌಡರ್‌ನಲ್ಲಿ ಶೇ 30ರಷ್ಟು ಕ್ಲೋರಿನ್ ಇದೆ ಅಂತ ಹಿಡಿದರೆ ಹತ್ತು ಲೀಟರ್ ಬಕೆಟ್‌ಗೆ 350 ಗ್ರಾಂ. ಪೌಡರ್ ಕಲಿಸಿದ ಮೇಲೆ ಅರ್ಧ ಗಂಟೆ ಬಿಡಿ, ಸುಣ್ಣದ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರನ್ನು ಮಾತ್ರ ಬಗ್ಗಿಸಿ ಬಳಸಿ. ಗಸಿ ಸಮೇತ ಹೊಡೆದರೆ ಗೋಡೆ ಮೇಲೆ ಬಿಳಿ ಗೆರೆಗಳು ಉಳಿಯುತ್ತವೆ. ಪ್ಲಾಸ್ಟಿಕ್ ಬಕೆಟ್ಟೇ ಬೇಕು, ತಗಡಿನದು ಬೇಡ.

ಹೈಪೋ ಬಿಸಿಲಿಗೆ, ಸೆಕೆಗೆ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಅಂಗಡಿ ಮುಂದೆ ಬಿಸಿಲಿನಲ್ಲಿಟ್ಟ ಕ್ಯಾನ್ ಶೇ 10 ಅಂತ ಬರೆದುಕೊಂಡಿದ್ದರೂ ಒಳಗೆ ಅಷ್ಟು ಇರುವುದಿಲ್ಲ. ತಯಾರಾದ ತಾರೀಖು ನೋಡಿ ತನ್ನಿ, ನೆರಳಲ್ಲಿ ಇಡಿ.

ಫೋಟೋ ಸ್ಟುಡಿಯೋದವರು ಬಳಸುತ್ತಿದ್ದ ಹೈಪೋ ಇದೇನಾ?

ಅಲ್ಲ, ತದ್ವಿರುದ್ಧ. ಅವರದು ಸೋಡಿಯಂ ಥಯೋಸಲ್ಫೇಟ್. ಅದು ಕ್ಲೋರಿನ್ ಅನ್ನು ನಿಷ್ಕ್ರಿಯ ಮಾಡುತ್ತದೆ. ಅಂಗಡಿಯಲ್ಲಿ ಬರೀ "ಹೈಪೋ ಕೊಡಿ" ಅನ್ನದೆ ಪೂರ್ತಿ ಹೆಸರು ಹೇಳಿ.

ಬ್ಲೀಚ್ ಜೊತೆ ಸ್ವಲ್ಪ ಆಸಿಡ್ ಸೇರಿಸಿದರೆ ಪವರ್ ಜಾಸ್ತಿ ಅಲ್ವಾ?

ಇದನ್ನು ಎಂದೂ ಮಾಡಬೇಡಿ. ಈ ಪುಟದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ. ಬ್ಲೀಚ್‌ಗೆ ಆಮ್ಲ ಸೇರಿದ ಕೂಡಲೇ ಕ್ಲೋರಿನ್ ಗಾಳಿ ಏಳುತ್ತದೆ. ಶ್ವಾಸಕೋಶ ಸುಡುವ ವಿಷ ಗಾಳಿ ಅದು. ಟಾಯ್ಲೆಟ್ ಲಿಕ್ವಿಡ್ ಸೇರಿಸಿದರೂ ಅದೇ, ವಿನೆಗರ್ ಸೇರಿಸಿದರೂ ಅದೇ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಸೇರಿಸಿದರೆ ಇನ್ನೊಂದು ಬಗೆಯ ವಿಷ ಗಾಳಿ ಬರುತ್ತದೆ.

ಹೊರಗಡೆ ತಾನೆ, ಗಾಳಿ ಇದೆಯಲ್ಲ ಅಂತ ಧೈರ್ಯ ಮಾಡುವವರಿದ್ದಾರೆ. ಕ್ಲೋರಿನ್ ಗಾಳಿಗಿಂತ ಭಾರ, ಕೆಳಗೆ ಇಳಿದು ನಿಲ್ಲುತ್ತದೆ. ನಮ್ಮ ಓಣಿಗಳಲ್ಲಿ ಎರಡು ಮನೆ ನಡುವೆ ಮೂರು ಅಡಿ ಸಂದಿ ಇದ್ದರೆ ದೊಡ್ಡದು. ಅಂಥ ಸಂದಿಯಲ್ಲಿ ಬಗ್ಗಿ ಕೆಲಸ ಮಾಡುವ ಹುಡುಗನ ಮೂಗಿಗೆ ನೇರವಾಗಿ ಹೋಗುತ್ತದೆ. ಒಂದು ದಿನ ಒಂದು ಕೆಮಿಕಲ್ ಹೊಡೆದು, ಚೆನ್ನಾಗಿ ತೊಳೆದು, ಗೋಡೆ ಒಣಗಿದ ಮೇಲೆಯೇ ಬೇರೆಯದು. ಬಕೆಟ್, ಬ್ರಷ್ ಕೂಡ ಬೇರೆ ಬೇರೆ ಇಡಿ.

ಮನೆಯಲ್ಲಿ ದಮ್ಮು ಇರುವವರಿದ್ದಾರೆ, ಬ್ಲೀಚ್ ವಾಸನೆ ಆಗಲ್ಲ. ಬೇರೆ ದಾರಿ ಇದೆಯಾ?

ಇದೆ. ಬ್ಲೀಚ್ ಬದಲಿಗೆ ಎರಡು ಹೇಳುತ್ತೇನೆ, ಆದರೆ ದಮ್ಮು ಇರುವವರ ಮನೆಗೆ ಮೊದಲನೆಯದೇ ಇರಲಿ.

ಮೊದಲನೆಯದು ಸೋಡಿಯಂ ಪರ್‌ಕಾರ್ಬೋನೇಟ್, ಆಕ್ಸಿಜನ್ ಬ್ಲೀಚ್ ಅಂತ ಮಾರುವ ಬಿಳಿ ಪುಡಿ. ಉಗುರು ಬೆಚ್ಚಗಿನ ನೀರಿಗೆ ಹಾಕಿದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸೋಡಾ ಆಗಿ ಒಡೆಯುತ್ತದೆ. ಲೀಟರ್‌ಗೆ 50 ಗ್ರಾಂ. ಘಾಟು ಇಲ್ಲ, ಗಿಡಗಳಿಗೂ ಕ್ಲೋರಿನ್‌ನಷ್ಟು ಕಷ್ಟ ಇಲ್ಲ. ಸೋಡಾ ಉಳಿಯುವುದರಿಂದ ಎರಡು ಸಲ ತೊಳೆಯಬೇಕು. ಕಲಿಸಿದ್ದನ್ನು ಮುಚ್ಚಳ ಬಿಗಿದು ಮಾತ್ರ ಇಡಬೇಡಿ, ಒಳಗೆ ಆಮ್ಲಜನಕ ತುಂಬಿ ಡಬ್ಬಿ ಒಡೆಯಬಹುದು. ಪೆರಾಕ್ಸೈಡ್ ಅನ್ನೇ ತರುವುದಾದರೆ ಔಷಧಿ ಅಂಗಡಿಯ ಶೇ 6ರದ್ದು ತಂದು ಅಷ್ಟೇ ನೀರು ಸೇರಿಸಿ. ಕಾರ್ಖಾನೆಗೆ ಬರುವ ಶೇ 50ರದ್ದು ಚರ್ಮ ಸುಡುತ್ತದೆ, ಅದರ ಸಹವಾಸ ಬೇಡ.

ಎರಡನೆಯದು ಬೆಂಜಾಲ್ಕೋನಿಯಂ ಕ್ಲೋರೈಡ್, ಚಿಕ್ಕದಾಗಿ ಬಿಕೆಸಿ. ಆಸ್ಪತ್ರೆ ನೆಲ ಒರೆಸುವ ಲಿಕ್ವಿಡ್‌ಗಳಲ್ಲಿ ಇರುವಂಥದ್ದು. ಶೇ 50ರ ಬಿಕೆಸಿ ಸಿಕ್ಕರೆ ಲೀಟರ್ ನೀರಿಗೆ 40 ಮಿಲಿ ಹಾಕಿದರೆ ಸುಮಾರು ಶೇ 2 ಆಗುತ್ತದೆ. ಇದು ಬಣ್ಣ ಕಳೆಯುವುದಿಲ್ಲ, ಕಬ್ಬಿಣಕ್ಕೂ ಬ್ಲೀಚ್‌ನಷ್ಟು ತೊಂದರೆ ಮಾಡುವುದಿಲ್ಲ. ಆದರೆ ತಾಳ್ಮೆ ಬೇಕು. ಒಣ ದಿನ ನೋಡಿ ಹೊಡೆದು ತೊಳೆಯದೆ ಬಿಡಬೇಕು. ಪಾಚಿ ಮೊದಲು ಕಂದು ಬಣ್ಣಕ್ಕೆ ತಿರುಗಿ, ಕೆಲವು ದಿನಗಳಲ್ಲಿ ಒಣಗಿ, ಬ್ರಷ್ ಹಾಕಿದರೆ ಉದುರುತ್ತದೆ. ಸೋಪಿನ ಜೊತೆ ಬೆರೆಸಬೇಡಿ, ಎರಡೂ ಕೆಲಸ ಮಾಡುವುದಿಲ್ಲ. ಮೀನಿಗೆ ಇದು ವಿಷ. ಬಾವಿ, ಕೆರೆ ಹತ್ತಿರ ನಾನು ಬಳಸುವುದಿಲ್ಲ.

ಸಮಯ ಇದ್ದವರಿಗೆ ನನ್ನ ಮೊದಲ ಸಲಹೆ ಬಿಕೆಸಿ. ನಾಳೆ ಗೃಹಪ್ರವೇಶ ಅನ್ನುವವರಿಗೆ ಹೈಪೋ.

ದ್ರಾಕ್ಷಿಗೆ ಹೊಡೆಯುವ ಮೈಲುತುತ್ತ ಮನೆಯಲ್ಲೇ ಇದೆ. ಗೋಡೆಗೆ ಹೊಡೆದರೆ ಪಾಚಿ ಸಾಯಲ್ವಾ?

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಇದನ್ನು ಕೇಳಿಯೇ ಕೇಳುತ್ತಾರೆ. ಮೈಲುತುತ್ತದಲ್ಲಿರುವ ತಾಮ್ರ ಪಾಚಿ ಕೊಲ್ಲುತ್ತದೆ, ನಿಜ. ಆದರೆ ಗೋಡೆಗೆ ನೀಲಿ-ಹಸಿರು ಕಲೆ ಹಿಡಿಯುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ. ಕಬ್ಬಿಣದ ಗ್ರಿಲ್, ಪೈಪಿಗೆ ತಗುಲಿದರೆ ಅದನ್ನು ತಿನ್ನುತ್ತದೆ. ಹರಿದು ಹೋದ ತಾಮ್ರ ಮಣ್ಣಿನಲ್ಲಿ ಹಾಗೇ ಉಳಿಯುತ್ತದೆ. ತೋಟದ್ದು ತೋಟಕ್ಕೇ ಇರಲಿ.

ಎಷ್ಟು ತೊಳೆದರೂ ಮುಂದಿನ ಮಳೆಗಾಲಕ್ಕೆ ಮತ್ತೆ ಕಪ್ಪಾಗುತ್ತೆ. ಗಟ್ಟಿ ಕೆಮಿಕಲ್ ಯಾವುದು?

ಗಟ್ಟಿ ಕೆಮಿಕಲ್ ಇಲ್ಲ, ನೀರು ನಿಲ್ಲಿಸಬೇಕು. ಸಜ್ಜಾ ಕೆಳಗಿನ ಅಂಚಿನಲ್ಲಿ ನೀರು ಕಡಿಯುವ ಗೆರೆ ಇದೆಯಾ ನೋಡಿ. ಅದಿಲ್ಲದಿದ್ದರೆ ಹನಿ ಹಿಂದಕ್ಕೆ ಹರಿದು ಗೋಡೆಗೇ ಇಳಿಯುತ್ತದೆ. ಟಾಕಿಯ ಓವರ್‌ಫ್ಲೋ ಪೈಪು ಗೋಡೆಯಿಂದ ಒಂದಡಿಯಾದರೂ ಹೊರಗೆ ಇರಲಿ. ಎಸಿ ನೀರಿನ ಪೈಪು ಗೋಡೆ ಮೇಲೆ ಬಿಟ್ಟಿರುತ್ತಾರೆ, ಅದನ್ನು ಕೆಳಗಿನವರೆಗೆ ಇಳಿಸಿ. ತೊಳೆದು ಒಣಗಿದ ಮೇಲೆ ಬಿಕೆಸಿ ಒಂದು ಸಲ ಹೊಡೆದು ಬಿಟ್ಟರೆ ಕಣ್ಣಿಗೆ ಕಾಣದೆ ಉಳಿದ ಪಾಚಿಯೂ ಸಾಯುತ್ತದೆ.

## ನಮ್ಮ ಕಡೆಯ ಕಲೆಗಳು

ಗೋಡೆ ಬುಡದಲ್ಲಿ ಬಿಳಿ ಉಪ್ಪು ಏಳುತ್ತಿದೆ. ಯಾವ ಕೆಮಿಕಲ್ ಹಾಕಬೇಕು?

ಯಾವುದೂ ಬೇಡ. ನೀರೂ ಬೇಡ. ಒಣ ಬ್ರಷ್‌ನಿಂದ ಉದುರಿಸಿ, ಗುಡಿಸಿ ಎತ್ತಿ ಹೊರಗೆ ಚೆಲ್ಲಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಗೋಡೆ ಒಳಗೇ ಹೋಗುತ್ತದೆ, ಒಣಗಿದಾಗ ಮತ್ತೆ ಹೊರಗೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಒಣ ಬ್ರಷ್ ಹಾಕುತ್ತ ಹೋದರೆ ದಿನ ಕಳೆದಂತೆ ಕಡಿಮೆಯಾಗುತ್ತದೆ, ಹೊಸ ಉಪ್ಪು ಬರುವ ದಾರಿ ಮುಚ್ಚಿದ್ದರೆ.

ದಾರಿ ಎರಡು. ಒಂದು ನೆಲದ ತೇವ. ಸವಳು ಮಣ್ಣಿನಲ್ಲಿ ಕಟ್ಟಿದ ಮನೆಗೆ ಬುನಾದಿ ಮೇಲೆ ತೇವ ತಡೆಯುವ ಪದರ ಇಲ್ಲದಿದ್ದರೆ ಗೋಡೆ ಬತ್ತಿಯ ಹಾಗೆ ನೀರು ಎಳೆಯುತ್ತದೆ. ಇನ್ನೊಂದು ಕಟ್ಟುವಾಗಲೇ ಸೇರಿದ್ದು. ಸವಳು ಬೋರ್‌ವೆಲ್ ನೀರಲ್ಲಿ ಕಲಿಸಿ, ಅದೇ ನೀರಲ್ಲಿ ಕ್ಯೂರಿಂಗ್ ಮಾಡಿದ್ದರೆ ಉಪ್ಪು ಗಿಲಾವಿನಲ್ಲೇ ಇರುತ್ತದೆ. ಹಾಗೆಯೇ ಗೋಡೆ ತೊಳೆದ ಮೇಲೆ ಕೊನೆಯ ನೀರು ಸಿಹಿ ನೀರೇ ಆಗಿರಲಿ. ಕಷ್ಟ ಅಂತ ಗೊತ್ತು, ಆದರೂ ಕೊನೆಯ ಒಂದು ಸಲಕ್ಕಾದರೂ ನಳದ ನೀರು ಹಿಡಿದಿಟ್ಟುಕೊಳ್ಳಿ.

ಉಪ್ಪು ಎದ್ದ ಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಬಳಿದು ಮುಚ್ಚಬೇಡಿ. ಒಳಗೆ ಸಿಕ್ಕ ಉಪ್ಪು ಪೇಂಟ್ ಸಮೇತ ಗಿಲಾವನ್ನು ಎಬ್ಬಿಸುತ್ತದೆ.

ಗ್ರಿಲ್‌ನಿಂದ ಇಳಿದ ತುಕ್ಕಿನ ಕಲೆಗೆ?

ಬ್ಲೀಚ್ ಹಾಕಬೇಡಿ, ತುಕ್ಕು ಹೋಗುವುದಿಲ್ಲ, ಇನ್ನೂ ಗಟ್ಟಿಯಾಗಬಹುದು. ಇದೊಂದಕ್ಕೆ ಮಾತ್ರ ನಾನು ಆಮ್ಲ ಒಪ್ಪುತ್ತೇನೆ: ಆಕ್ಸಾಲಿಕ್ ಆಮ್ಲ, ಲೀಟರ್ ನೀರಿಗೆ 50 ಗ್ರಾಂ. ಸುತ್ತಲಿನ ಗೋಡೆ ಮೊದಲು ನೀರಿನಿಂದ ನೆನೆಸಿ, ಕಲೆ ಇರುವ ಜಾಗಕ್ಕಷ್ಟೇ ಬ್ರಷ್‌ನಿಂದ ಹಚ್ಚಿ, ಹತ್ತು ನಿಮಿಷಕ್ಕೆ ತೊಳೆಯಿರಿ. ಹೊಟ್ಟೆಗೆ ಹೋದರೆ ಇದು ವಿಷ. ನೋಡಲು ಸಕ್ಕರೆಯ ಹಾಗೆ ಬಿಳಿ ಹರಳು, ಮಕ್ಕಳ ಕೈಗೆ ಸಿಗಬಾರದು. ಗ್ರಿಲ್‌ಗೆ ಪೇಂಟ್ ಮಾಡದೆ ಗೋಡೆ ತೊಳೆದರೆ ವ್ಯರ್ಥ.

ತುಕ್ಕು, ಕಲ್ಲು ತೊಳೆಯಲು ಅಂತ ಬರುವ ಕೆಲವು ಡಬ್ಬಿಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಚರ್ಮದ ಮೂಲಕ ಒಳಗೆ ಹೋಗಿ ಮೂಳೆವರೆಗೆ ತಿನ್ನುವಂಥವು, ಮೊದಮೊದಲು ನೋವೂ ಗೊತ್ತಾಗದೆ ಇರಬಹುದು. ಚೀಟಿಯಲ್ಲಿ ಈ ಹೆಸರು ಕಂಡರೆ ವಾಪಸ್ ಇಡಿ.

ಬಾಗಲಕೋಟೆಯಲ್ಲಿ ಹೋಳಿ ಅಂದರೆ ಗೊತ್ತಲ್ಲ, ಬ್ಯಾರೆಲ್ ಬಣ್ಣ ಗೋಡೆಗೆ ಬಿದ್ದಿದೆ. ಹೋಗುತ್ತಾ?

ಹಸಿ ಇರುವಾಗಲೇ ಬರೀ ನೀರು ಹೊಡೆದರೆ ಮುಕ್ಕಾಲು ಪಾಲು ಹೋಗುತ್ತದೆ. ತಡ ಮಾಡಿದಷ್ಟೂ ಗಿಲಾವು ಬಣ್ಣ ಕುಡಿಯುತ್ತದೆ. ಉಳಿದದ್ದಕ್ಕೆ ಸೋಪು ನೀರು, ಆಮೇಲೆ ಪರ್‌ಕಾರ್ಬೋನೇಟ್ ಪುಡಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಿಸಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಒಂದೆರಡು ಗಂಟೆ ಒಣಗದಂತೆ ಬಿಡಿ. ಬಹಳ ಬಣ್ಣಗಳು ಇಳಿಯುತ್ತವೆ. ಬಣ್ಣದ ಪೇಂಟ್ ಇದ್ದರೆ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ, ಗೋಡೆಯ ಬಣ್ಣವೂ ಇಳಿಯಬಹುದು. ಹಬ್ಬಕ್ಕೆ ಮುಂಚಿನ ದಿನವೇ ರಸ್ತೆ ಕಡೆಯ ಗೋಡೆಗೆ ಹಳೆ ತಾಡಪತ್ರಿ ಕಟ್ಟುವವರನ್ನು ನೋಡಿದ್ದೇನೆ, ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಎಲೆ-ಅಡಿಕೆ ಉಗುಳಿದ ಕಲೆ?

ಅದಕ್ಕೂ ಇದೇ ಪರ್‌ಕಾರ್ಬೋನೇಟ್ ಮೆತ್ತುವ ಪದ್ಧತಿ. ಎರಡು ಮೂರು ಸಲ ಬೇಕಾಗಬಹುದು.

ನಮ್ಮದು ಅಜ್ಜನ ಕಾಲದ ವಾಡೆ, ಸುಣ್ಣದ ಗಾರೆ. ಮೇಲೆ ಹೇಳಿದ್ದೆಲ್ಲ ನಡೆಯುತ್ತಾ?

ಇಲ್ಲ. ಸುಣ್ಣದ ಗಾರೆ ಸಿಮೆಂಟ್‌ಗಿಂತ ಮೆತ್ತಗೆ, ಉಸಿರಾಡುವಂಥದ್ದು, ಮರಳನ್ನು ಹಿಡಿದಿಟ್ಟಿರುವುದು ಸುಣ್ಣವೇ ಆದ್ದರಿಂದ ಯಾವ ಆಮ್ಲವನ್ನೂ ತಡೆಯುವುದಿಲ್ಲ. ಬ್ಲೀಚ್ ಕೂಡ ಒಳಗೆ ಉಪ್ಪು ಬಿಡುತ್ತದೆ. ನೀರು, ಮೆತ್ತನೆ ಬ್ರಷ್, ತೀರಾ ಪಾಚಿ ಇದ್ದರೆ ತೆಳುವಾದ ಬಿಕೆಸಿ. ಅಷ್ಟೇ. ಆಮೇಲೆ ಸುಣ್ಣ ಬಳಿಯಿರಿ. ಸುಣ್ಣದ ಕ್ಷಾರದಲ್ಲಿ ಪಾಚಿ ಸುಲಭಕ್ಕೆ ಬೆಳೆಯುವುದಿಲ್ಲ, ನಮ್ಮ ಹಿರಿಯರು ವರ್ಷ ವರ್ಷ ಬಳಿಯುತ್ತಿದ್ದುದು ಸುಮ್ನೆ ಅಲ್ಲ. 1656ರಲ್ಲಿ ಮುಗಿದ ಗೋಲ್ ಗುಮ್ಮಟದ ಸುಣ್ಣದ ಗಾರೆ ಕೆಲಸ ಇವತ್ತಿಗೂ ಗೋಡೆ ಹಿಡಿದು ನಿಂತಿದೆ. ಅಂಥ ಗಾರೆಯನ್ನು ಒಂದು ಬಾಟಲಿ ಆಸಿಡ್‌ನಿಂದ ಮುಗಿಸಬೇಡಿ. ಸುಣ್ಣದ ಕೆಲಸ ಬಲ್ಲ ಗೌಂಡಿಗಳು ನಮ್ಮ ಕಡೆ ಇನ್ನೂ ಇದ್ದಾರೆ, ಹುಡುಕಿ ಒಮ್ಮೆ ತೋರಿಸಿ.

## ಕೆಲಸಕ್ಕೆ ಇಳಿದ ಮೇಲೆ

ಹೊಡೆಯುವ ಕ್ರಮ ಹೇಗೆ?

ಹಿಂದಿನ ದಿನ ಕಾಣದ ಮೂಲೆಯಲ್ಲಿ ಒಂದಡಿ ಜಾಗಕ್ಕೆ ಹಚ್ಚಿ ತೊಳೆದು ನೋಡಿ, ಪೂರ್ತಿ ಒಣಗಿದ ಮೇಲೆಯೇ ತೀರ್ಮಾನ ಮಾಡಿ. ಮರುದಿನ ಗೋಡೆಗೆ ಮೊದಲು ಬರೀ ನೀರು ಕುಡಿಸಿ. ನೀರು ಕುಡಿದ ಗಿಲಾವು ಕೆಮಿಕಲ್ ಅನ್ನು ಒಳಗೆ ಎಳೆಯುವುದಿಲ್ಲ, ಅದು ಮೇಲೆಯೇ ನಿಂತು ಕೆಲಸ ಮಾಡುತ್ತದೆ. ಬಿಕೆಸಿಗೆ ಮಾತ್ರ ಒಣ ಗೋಡೆ ಬೇಕು. ಕೆಮಿಕಲ್ ಹಚ್ಚುವುದು ಕೆಳಗಿನಿಂದ ಮೇಲಕ್ಕೆ. ಮೇಲಿಂದ ಶುರು ಮಾಡಿದರೆ ಕೆಳಗೆ ಇನ್ನೂ ಹಚ್ಚದ ಗೋಡೆ ಮೇಲೆ ಇಳಿದ ಗೆರೆಗಳು ಹಾಗೇ ಉಳಿಯುತ್ತವೆ. ತೊಳೆಯುವುದು ಮೇಲಿಂದ ಕೆಳಕ್ಕೆ. ಹೈಪೋ ಹತ್ತು ಹದಿನೈದು ನಿಮಿಷ ಇರಲಿ, ಒಣಗಲು ಬಿಡಬೇಡಿ. ಬೇಸಿಗೆಯಲ್ಲಿ ಬೆಳಗ್ಗೆ ಏಳರಿಂದ ಹತ್ತರ ಒಳಗೆ, ನೆರಳಿರುವ ಕಡೆಯಿಂದ ಶುರು ಮಾಡಿ.

ಹೊಲಕ್ಕೆ ಎಣ್ಣೆ ಹೊಡೆಯುವ ಪಂಪು ಬಳಸಬಹುದಾ?

ಬಳಸಿದರೆ ಆ ಪಂಪನ್ನು ಗೋಡೆ ಕೆಲಸಕ್ಕೇ ಮೀಸಲಿಡಿ. ಕೀಟನಾಶಕ ಉಳಿದ ಪಂಪಿಗೆ ಬ್ಲೀಚ್ ಹಾಕಿದರೆ ಏನು ಗಾಳಿ ಏಳುತ್ತದೋ ಹೇಳಲಾಗದು. ಕಳೆನಾಶಕದ ಪಂಪು ಆದರೆ ಅಂಗಳದ ಗಿಡಗಳೂ ಹೋಗುತ್ತವೆ.

ಕಾರ್ ತೊಳೆಯುವ ಪ್ರೆಶರ್ ವಾಷರ್ ಇದ್ದರೆ ಕೆಮಿಕಲ್ ಉಳಿಯುತ್ತಲ್ವಾ?

ಗಿಲಾವು ಉಳಿಯುವುದಿಲ್ಲ. ಮನೆ ಬಳಕೆಯ ಮೆಷಿನ್ ಕೂಡ 100 ಬಾರ್ ದಾಟುತ್ತದೆ. ಅಗಲ ಬೀಸುವ ನಾಝಲ್ ಹಾಕಿ, ಎರಡು ಅಡಿ ದೂರ ನಿಂತು, ಕಡಿಮೆ ಒತ್ತಡದಲ್ಲಿ ತೊಳೆಯಲು ಮಾತ್ರ ಸರಿ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುವ ಕಡೆ ಬೇಡವೇ ಬೇಡ.

ಅಂಗಳದಲ್ಲಿ ತುಳಸಿ ಇದೆ, ಪಕ್ಕದಲ್ಲಿ ಬಾವಿ ಇದೆ. ಏನು ಮಾಡಬೇಕು?

ಬೆಳಗಾವಿಯ ಹಳೆ ಮನೆಗಳಲ್ಲಿ ಬಾವಿ ಇನ್ನೂ ಬಳಕೆಯಲ್ಲಿವೆ, ಅದಕ್ಕೆ ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಗೌರವ. ಕುಂಡ ಇದ್ದರೆ ದೂರ ಒಯ್ಯಿರಿ. ಕಟ್ಟೆಯ ತುಳಸಿ ಆದರೆ ಬುಡಕ್ಕೆ ಮೊದಲೇ ಒಂದು ಕೊಡ ನೀರು ಹಾಕಿ, ಎಲೆ ನೆನೆಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ. ಕೆಲಸ ಆದ ಕೂಡಲೇ ತೆಗೆಯಿರಿ, ಬಿಸಿಲಲ್ಲಿ ಬೇಯಬಾರದು. ಬಾವಿಗೆ ಹಲಗೆ, ತಾಡಪತ್ರಿ ಮುಚ್ಚಿ, ಸುತ್ತ ಮಣ್ಣಿನ ಸಣ್ಣ ಬದು ಕಟ್ಟಿ ನೀರು ಬೇರೆ ಕಡೆ ತಿರುಗಿಸಿ. ಹತ್ತು ಅಡಿ ಒಳಗೆ ಬಾವಿ ಇದ್ದರೆ ಪಂಪು ಬಿಟ್ಟು ಬ್ರಷ್‌ನಿಂದ ಹಚ್ಚುವುದೇ ವಾಸಿ. ದನಕರು, ನಾಯಿ ಆ ದಿನ ಕಟ್ಟಿರಲಿ.

ಕೆಲಸದವರಿಗೆ ಏನೇನು ಕೊಡಬೇಕು? ಅವರು ಬೇಡ ಅಂತಾರೆ.

ಬೇಡ ಅಂದರೂ ಕೊಡಿ. ಮೊಣಕೈವರೆಗಿನ ರಬ್ಬರ್ ಗ್ಲೌಸ್, ಪಕ್ಕ ಮುಚ್ಚುವ ಕನ್ನಡಕ, ಪೂರ್ತಿ ತೋಳಿನ ಅಂಗಿ, ಬೂಟು. ಟವೆಲ್ ಕಟ್ಟಿಕೊಂಡರೆ, ಧೂಳಿನ ಮಾಸ್ಕ್ ಹಾಕಿದರೆ ಹನಿ ತಡೆಯುತ್ತದೆ ಅಷ್ಟೇ, ಗಾಳಿ ತಡೆಯುವುದಿಲ್ಲ. ಬ್ಲೀಚ್ ಕೈಗೆ ಜಾರಾಗುವುದರಿಂದ ಏಣಿ ಮೇಲೆ ನಿಂತು ಎರಡೂ ಕೈಯಲ್ಲಿ ಪಂಪು ಹಿಡಿಯಲು ಬಿಡಬೇಡಿ. ಕೆಳಗೆ ಒಬ್ಬರು ಏಣಿ ಹಿಡಿದಿರಲಿ.

ಕಣ್ಣಿಗೆ ಬಿದ್ದರೆ, ಗಾಳಿ ಕುಡಿದರೆ?

ಕಣ್ಣಿಗಾದರೆ ರೆಪ್ಪೆ ಬಿಡಿಸಿ ಹರಿಯುವ ಶುದ್ಧ ನೀರಲ್ಲಿ 15ರಿಂದ 20 ನಿಮಿಷ ತೊಳೆಯಿರಿ, ಉಜ್ಜಬೇಡಿ, ಆಮೇಲೆ ನೇರ ಕಣ್ಣಿನ ಡಾಕ್ಟರ್. ಒಂದು ಕೊಡ ಶುದ್ಧ ನೀರು ಕೆಲಸದ ಜಾಗದಲ್ಲೇ ಇರಲಿ, ಬೋರ್ ಚಾಲೂ ಮಾಡುವವರೆಗೆ ಕಾಯಲು ಆಗುವುದಿಲ್ಲ. ಚರ್ಮಕ್ಕೆ ಬಿದ್ದರೆ ಬಟ್ಟೆ ಕಳಚಿ ನೀರು. ಲಿಂಬೆ, ಸೋಡಾ ಹಚ್ಚಿ ಸರಿ ಮಾಡಲು ಹೋಗಬೇಡಿ. ಗಾಳಿ ಕುಡಿದು ಕೆಮ್ಮು, ಎದೆ ಬಿಗಿತ ಬಂದರೆ ತೆರೆದ ಜಾಗಕ್ಕೆ ಕರೆತಂದು 108ಕ್ಕೆ ಫೋನ್ ಮಾಡಿ. ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸಬೇಡಿ, ಡಬ್ಬಿ ಸಮೇತ ಆಸ್ಪತ್ರೆಗೆ ಒಯ್ಯಿರಿ. ಚೀಟಿ ನೋಡಿದರೆ ಡಾಕ್ಟರಿಗೆ ಚಿಕಿತ್ಸೆ ಸುಲಭ.

ಉಳಿದದ್ದನ್ನು ಏನು ಮಾಡಲಿ?

ಬೇಕಾದಷ್ಟೇ ಕಲಿಸಿ. ಕಲಿಸಿದ ಹೈಪೋ ಉಳಿದರೆ ಮಕ್ಕಳು, ದನಕರು ಹೋಗದ ಜಾಗದಲ್ಲಿ ತೆರೆದ ಬಕೆಟ್‌ನಲ್ಲಿ ಕೆಲವು ದಿನ ಬಿಸಿಲಿಗೆ ಇಟ್ಟರೆ ಶಕ್ತಿ ಕಡಿಮೆಯಾಗುತ್ತದೆ. ಆಮೇಲೆ ಜಾಸ್ತಿ ನೀರು ಸೇರಿಸಿ ಬಚ್ಚಲಿಗೆ ಬಿಡಿ. ಮೂಲ ಕ್ಯಾನ್‌ನಲ್ಲಿ ಉಳಿದದ್ದು ಅದೇ ಕ್ಯಾನ್‌ನಲ್ಲಿ, ಚೀಟಿ ಸಮೇತ, ಎತ್ತರದ ಕಪಾಟಿನಲ್ಲಿ ಇರಲಿ. ಕುಡಿಯುವ ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಎಂದೂ ಬಗ್ಗಿಸಬೇಡಿ. ಬಾಯಾರಿ ಬಂದ ಮಗು ಬಾಟಲಿ ನೋಡುತ್ತದೆ, ಒಳಗಿನದನ್ನು ನೋಡುವುದಿಲ್ಲ.

ತೊಳೆದ ಮೇಲೆ ಎಷ್ಟು ದಿನಕ್ಕೆ ಪೇಂಟ್ ಹೊಡೆಯಬಹುದು?

ವಿಜಯಪುರದ ಬೇಸಿಗೆಯಲ್ಲಿ ಮೂರು ದಿನ ಸಾಕು. ಬೆಳಗಾವಿಯಲ್ಲಿ ಮಳೆ ನಿಂತ ಹೊಸದರಲ್ಲಿ ಒಂದು ವಾರ ಬಿಡಿ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪ್ ಹಾಕಿ ರಾತ್ರಿ ಗೋಡೆಗೆ ಅಂಟಿಸಿ, ಬೆಳಗ್ಗೆ ಒಳಗೆ ಹನಿ ಕಟ್ಟಿದ್ದರೆ ಇನ್ನೂ ತೇವ ಇದೆ ಅಂತ ಅರ್ಥ. ಹೊಸ ಗಿಲಾವಿಗೆ ಮಾತ್ರ 28 ದಿನ ಆಗುವವರೆಗೆ ತೊಳೆಯುವುದೂ ಬೇಡ, ಪೇಂಟೂ ಬೇಡ. ದೀಪಾವಳಿಗೆ ಪೇಂಟ್ ಆಗಬೇಕು ಅನ್ನುವವರು ದಸರಾ ರಜೆಯಲ್ಲೇ ಗೋಡೆ ತೊಳೆದುಬಿಟ್ಟರೆ ಒಣಗಲು ಬೇಕಾದಷ್ಟು ದಿನ ಸಿಗುತ್ತದೆ.